ಡಬಲ್ ಮಾರ್ಕರ್‌ನಲ್ಲಿ ‘ಹೈ ರಿಸ್ಕ್’ ಬಂದಿದೆ, ಹೊಟ್ಟೆಗೆ ಸೂಜಿ ಹಾಕಿಸಲೇಬೇಕಾ?

ಓದುಗರ ಪ್ರಶ್ನೆ:

ಮೇಡಂ, ನಮಸ್ಕಾರ. ನನಗೆ 36 ವರ್ಷ. ಸಕಲೇಶಪುರದ ಹತ್ತಿರ ಒಂದು ಹಳ್ಳಿ, ನಮ್ಮದು ಸ್ವಲ್ಪ ಕಾಫಿ ತೋಟ ಇದೆ. ನನ್ನ ಮದುವೆ ಸೋದರಮಾವನ ಜೊತೆ ಆಗಿದ್ದು. ಒಂಬತ್ತು ವರ್ಷದ ಮಗಳಿದ್ದಾಳೆ, ಆರೋಗ್ಯವಾಗಿದ್ದಾಳೆ. ಈಗ ಎರಡನೇ ಸಲ ಬಸುರಿ, 13 ವಾರ. ಹಾಸನದಲ್ಲಿ ಸ್ಕ್ಯಾನ್ ಮಾಡಿಸಿದಾಗ ಎನ್‌ಟಿ (ಮಗುವಿನ ಕತ್ತಿನ ಹಿಂದಿನ ನೀರಿನ ಪದರ) 1.8 ಮಿಲಿಮೀಟರ್, ಮೂಗಿನ ಮೂಳೆ ಕಾಣುತ್ತಿದೆ, ಸರಿ ಇದೆ ಅಂದರು. ಆದರೆ ಡಬಲ್ ಮಾರ್ಕರ್ ಅನ್ನೋ ರಕ್ತದ ಟೆಸ್ಟಿನ ರಿಪೋರ್ಟಿನಲ್ಲಿ ಡೌನ್ ಸಿಂಡ್ರೋಮ್ 1:180, ‘ಹೈ ರಿಸ್ಕ್’ ಅಂತ ಕೆಂಪಕ್ಷರದಲ್ಲಿ ಬಂದಿದೆ. ಹೊಟ್ಟೆಗೆ ಸೂಜಿ ಹಾಕಿ ಮಗುವಿನ ಸುತ್ತ ಇರುವ ನೀರು ತೆಗೆದು ನೋಡಬಹುದು, ಇಲ್ಲ ಅಂದರೆ ಎನ್‌ಐಪಿಟಿ ಅಂತ ರಕ್ತದ ಟೆಸ್ಟ್ ಇದೆ ಎಂದು ಡಾಕ್ಟರು ಹೇಳಿದರು. ಅತ್ತೆ, ಅಂದರೆ ನನ್ನ ಸ್ವಂತ ಅಜ್ಜಿ, ಸೂಜಿ ಹಾಕಿದರೆ ಮಗು ನಿಲ್ಲಲ್ಲ ಅಂತ ಅಳುತ್ತಾರೆ. ಸಂಬಂಧದಲ್ಲಿ ಮದುವೆ ಆಗಿದ್ದಕ್ಕೇ ಹೀಗಾಗಿದೆ ಅಂತ ಕೆಲವರು, ಬಸುರಿ ಅಂತ ಗೊತ್ತಾಗೋ ಮೊದಲು ತೋಟದಲ್ಲಿ ಔಷಧಿ ಹೊಡೆಯುವಾಗ ಅಲ್ಲೇ ಇದ್ದೆ, ಅದರಿಂದ ಅಂತ ಇನ್ನು ಕೆಲವರು. ದೊಡ್ಡಮ್ಮನ ಮಗನಿಗೆ ಹುಟ್ಟಿದಾಗಿನಿಂದ ಮಾತು ಬರಲ್ಲ, ಅದಕ್ಕೂ ಇದಕ್ಕೂ ಸಂಬಂಧ ಇದೆಯಾ? ರಕ್ತದ ಟೆಸ್ಟ್ ನಂಬಬಹುದಾ? ಅದರಲ್ಲಿ ಗಂಡೋ ಹೆಣ್ಣೋ ಗೊತ್ತಾಗುತ್ತಂತೆ, ಮಾಡಿಸಿದರೆ ಕೇಸ್ ಆಗುತ್ತಾ? ರಾತ್ರಿ ನಿದ್ದೆ ಬರುತ್ತಿಲ್ಲ.

ಉತ್ತರ:

ನಿಮ್ಮ ಪತ್ರ ಓದಿದರೆ, ಮಗುವಿಗೆ ಏನೋ ತೊಂದರೆ ಇದೆ ಅಂತ ನೀವು ಆಗಲೇ ಒಪ್ಪಿಕೊಂಡ ಹಾಗಿದೆ. ಅದು ಇನ್ನೂ ಯಾರಿಗೂ ಗೊತ್ತಿಲ್ಲ. ಆ ರಿಪೋರ್ಟ್ ಬರೆದ ಲ್ಯಾಬಿಗೂ ಗೊತ್ತಿಲ್ಲ. ಡಬಲ್ ಮಾರ್ಕರ್ ಕಾಯಿಲೆ ಕಂಡುಹಿಡಿಯುವ ಟೆಸ್ಟ್ ಅಲ್ಲ. ಯಾರಿಗೆ ಇನ್ನೊಂದು ಟೆಸ್ಟ್ ಬೇಕು, ಯಾರಿಗೆ ಬೇಡ ಅಂತ ಬೇರ್ಪಡಿಸುವುದಷ್ಟೇ ಅದರ ಕೆಲಸ. ಉಳಿದದ್ದೆಲ್ಲ ಆಮೇಲೆ. ಮೊದಲು ಆ 1:180 ಅನ್ನೋ ಅಂಕಿಯನ್ನು ಸರಿಯಾಗಿ ಓದೋಣ.

ನಿಮ್ಮ ಹಾಗೇ 1:180 ಬಂದ 180 ತಾಯಂದಿರನ್ನು ಒಂದು ಕಲ್ಯಾಣ ಮಂಟಪದಲ್ಲಿ ಕೂರಿಸಿದ್ದೇವೆ ಅಂದುಕೊಳ್ಳಿ. ಅವರಲ್ಲಿ ಒಬ್ಬರ ಮಗುವಿಗೆ ಡೌನ್ ಸಿಂಡ್ರೋಮ್, ಅಂದರೆ ಬೆಳವಣಿಗೆ, ಕಲಿಕೆ ನಿಧಾನವಾಗುವ ಹುಟ್ಟು ಸ್ಥಿತಿ, ಇರುತ್ತದೆ. ಉಳಿದ 179 ತಾಯಂದಿರ ಮಕ್ಕಳಿಗೆ ಇರುವುದಿಲ್ಲ. ಆದರೆ ಅಷ್ಟೂ ಜನರ ಕೈಯಲ್ಲಿ ಅದೇ ಕೆಂಪಕ್ಷರದ ರಿಪೋರ್ಟ್ ಇರುತ್ತದೆ. 1:250ಕ್ಕಿಂತ ಜಾಸ್ತಿ ರಿಸ್ಕ್, ಅಂದರೆ 1:200, 1:180 ಇಂಥ ಅಂಕಿ ಬಂದರೆ ‘ಹೈ ರಿಸ್ಕ್’ ಅಂತ ಮುದ್ರಿಸುವುದು ಅನೇಕ ಲ್ಯಾಬುಗಳ ಪದ್ಧತಿ. ಈ ಗಡಿಗೇ ಕಟ್-ಆಫ್ ಅನ್ನುತ್ತಾರೆ.

ರಿಪೋರ್ಟನ್ನು ಇನ್ನೊಂದು ಸಲ ಕೈಗೆ ತೆಗೆದುಕೊಳ್ಳಿ. ಸಾಮಾನ್ಯವಾಗಿ ಅದರಲ್ಲಿ ಒಂದು ಗ್ರಾಫ್ ಇರುತ್ತದೆ: ವಯಸ್ಸಿನ ಜೊತೆ ಮೇಲೇರುವ ಗೆರೆ, ಅಡ್ಡಕ್ಕೆ ಕಟ್-ಆಫ್ ಗೆರೆ, ಎಲ್ಲೋ ಒಂದು ಕಡೆ ನಿಮ್ಮ ಚುಕ್ಕೆ. ಪಕ್ಕದಲ್ಲಿ ವಯಸ್ಸಿನಿಂದ ಬಂದ ರಿಸ್ಕ್, ರಕ್ತದಿಂದ ಬಂದ ರಿಸ್ಕ್, ಎರಡಕ್ಕೂ ಸ್ಕ್ಯಾನ್ ಸೇರಿಸಿದ ಮೇಲೆ ಬಂದ ಒಟ್ಟು ರಿಸ್ಕ್ ಬೇರೆ ಬೇರೆ ಸಾಲಿನಲ್ಲಿ ಇರುತ್ತವೆ. ನೋಡಬೇಕಾದದ್ದು ಕೊನೆಯದನ್ನು. 36 ವರ್ಷದ ತಾಯಿಗೆ, ಬೇರೆ ಯಾವ ಟೆಸ್ಟೂ ಮಾಡದೆ, ಬರೀ ವಯಸ್ಸಿನಿಂದಲೇ ಈ ವಾರಗಳಲ್ಲಿ ರಿಸ್ಕ್ ಸುಮಾರು 1:200 ಇರುತ್ತದೆ. ನಿಮಗೆ ಬಂದಿರುವುದು 1:180. ಅಂದರೆ ಆ ಕೆಂಪಕ್ಷರದಲ್ಲಿ ಹೆಚ್ಚಿನ ಪಾಲು ನಿಮ್ಮ ವಯಸ್ಸಿನದ್ದು. ರಕ್ತದಲ್ಲಿ ಏನೋ ಭಯಂಕರ ಸಿಕ್ಕಿದೆ ಅಂತ ಅಲ್ಲ.

ಇನ್ನೊಂದು ಸಣ್ಣ ಕೆಲಸ. ರಿಪೋರ್ಟಿನ ತಲೆಯಲ್ಲಿ ನಿಮ್ಮ ಹುಟ್ಟಿದ ತಾರೀಕು, ತೂಕ, ಸ್ಕ್ಯಾನ್ ಮಾಡಿದ ದಿನ, ಮಗುವಿನ ಉದ್ದ, ಎನ್‌ಟಿ ಅಳತೆ ಸರಿಯಾಗಿ ಬರೆದಿದ್ದಾರಾ ನೋಡಿ. ಈ ಲೆಕ್ಕ ಮಾಡುವುದು ಕಂಪ್ಯೂಟರ್. ತೂಕ ತಪ್ಪಾದರೆ, ವಾರ ತಪ್ಪಾದರೆ ಉತ್ತರವೂ ತಪ್ಪೇ. ಎನ್‌ಟಿ ಅಳತೆ ಸೇರಿಸದೆ ಬರೀ ರಕ್ತದ ಮೇಲೆ ಲೆಕ್ಕ ಹಾಕಿ ಕಳಿಸಿರುವ ರಿಪೋರ್ಟುಗಳನ್ನು ನಾನು ಬಹಳ ನೋಡುತ್ತೇನೆ. ಹಾಗಾಗಿದ್ದರೆ ನಿಮ್ಮ ಡಾಕ್ಟರಿಗೆ ಹೇಳಿ, ಲ್ಯಾಬಿನವರು ಮತ್ತೆ ಲೆಕ್ಕ ಹಾಕಿ ಕೊಡುತ್ತಾರೆ. ಹೊಸದಾಗಿ ರಕ್ತ ಕೊಡಬೇಕಾಗಿಲ್ಲ.

ಇನ್ನು ಯಾರ ತಪ್ಪು ಅನ್ನೋ ಮಾತು. ಇದು ನಿಮ್ಮ ನಿದ್ದೆ ಕೆಡಿಸಿದೆ ಅಂತ ಕಾಣುತ್ತದೆ, ಹಾಗಾಗಿ ಸ್ವಲ್ಪ ಬಿಡಿಸಿ ಹೇಳುತ್ತೇನೆ.

ನಮ್ಮ ಪ್ರತಿ ಜೀವಕೋಶದಲ್ಲಿ 46 ಕ್ರೋಮೋಸೋಮ್, ಅಂದರೆ ವಂಶದ ಗುಣ ಹೊತ್ತ ಡಿಎನ್‌ಎ ಎಳೆಗಳು ಇರುತ್ತವೆ, 23 ಜೊತೆ. ತಾಯಿಯ ಅಂಡದಿಂದ 23, ತಂದೆಯ ವೀರ್ಯದಿಂದ 23. ಅಂಡ ತಯಾರಾಗುವಾಗ ಜೊತೆಗಳು ಬಿಡಿಸಿಕೊಳ್ಳಬೇಕು. ಕೆಲವು ಸಲ 21ನೇ ಜೊತೆ ಬಿಡಿಸಿಕೊಳ್ಳುವುದಿಲ್ಲ, ಎರಡೂ ಅದೇ ಅಂಡದಲ್ಲಿ ಉಳಿಯುತ್ತವೆ. ಅದಕ್ಕೆ ತಂದೆಯದೂ ಒಂದು ಸೇರಿ ಮೂರಾಗುತ್ತವೆ. ಇದೇ ಡೌನ್ ಸಿಂಡ್ರೋಮ್. ಈ ಹೆಚ್ಚಿನ 21ನೇ ಕ್ರೋಮೋಸೋಮನ್ನು 1959ರಲ್ಲಿ ಫ್ರಾನ್ಸಿನ ಜೆರೋಮ್ ಲೆಜೂನ್, ಮಾರ್ಥ್ ಗೋತಿಯೆ, ರೇಮಂಡ್ ತುರ್ಪ್ಯಾಂ ಪ್ರಕಟಿಸಿದರು. 18ನೆಯದು ಮೂರಾದರೆ ಎಡ್ವರ್ಡ್ಸ್ ಸಿಂಡ್ರೋಮ್, 13ನೆಯದು ಮೂರಾದರೆ ಪಟಾವ್ ಸಿಂಡ್ರೋಮ್. ಇವೆರಡು ಅಪರೂಪ, ಆದರೆ ಬಹಳ ಗಂಭೀರ.

ಹೆಣ್ಣಿನ ಅಂಡಗಳು ಅವಳು ತನ್ನ ತಾಯಿಯ ಹೊಟ್ಟೆಯಲ್ಲಿರುವಾಗಲೇ ತಯಾರಾಗಲು ಶುರುವಾಗಿ ಅರ್ಧಕ್ಕೆ ನಿಂತಿರುತ್ತವೆ. ಆಮೇಲೆ ತಿಂಗಳಿಗೊಂದರಂತೆ ಮುಂದಿನ ಹಂತಕ್ಕೆ ಹೋಗುತ್ತವೆ. ನಿಮ್ಮ ಈ ಅಂಡ 36 ವರ್ಷ ಕಾದಿತ್ತು. ಕಾದಷ್ಟೂ ಬಿಡಿಸಿಕೊಳ್ಳುವಾಗ ತಪ್ಪಾಗುವ ಸಾಧ್ಯತೆ ಜಾಸ್ತಿ. ವಯಸ್ಸಿನ ಜೊತೆ ರಿಸ್ಕ್ ಏರುವುದು ಹೀಗೆ. ಇದರಲ್ಲಿ ನೀವು ತಿಂದದ್ದು, ಕುಡಿದದ್ದು, ಗ್ರಹಣದಲ್ಲಿ ಹೊರಗೆ ಬಂದದ್ದು ಯಾವುದಕ್ಕೂ ಪಾತ್ರ ಇಲ್ಲ. ಹಾಗಂತ ಚಿಕ್ಕ ವಯಸ್ಸಿನವರಿಗೆ ಆಗುವುದೇ ಇಲ್ಲ ಅನ್ನುವುದೂ ತಪ್ಪು. ಜಾಸ್ತಿ ಹೆರಿಗೆ ಆಗುವುದು ಚಿಕ್ಕ ವಯಸ್ಸಿನವರಿಗೇ ಆದ್ದರಿಂದ, ಡೌನ್ ಸಿಂಡ್ರೋಮ್ ಇರುವ ಮಕ್ಕಳಲ್ಲೂ ಹೆಚ್ಚಿನವರ ತಾಯಂದಿರು 35ರೊಳಗಿನವರೇ.

ತೋಟದ ಔಷಧಿ ವಿಷಯಕ್ಕೂ ಇದೇ ಉತ್ತರ. ಆ ದಿನ ನೀವು ಅಲ್ಲಿ ನಿಂತಿದ್ದರಿಂದ ಮಗುವಿನ 21ನೇ ಕ್ರೋಮೋಸೋಮ್ ಹೆಚ್ಚಾಯಿತು ಅಂತ ಹೇಳಲು ಯಾವ ಆಧಾರವೂ ಇಲ್ಲ. ಆದರೂ ಹೆರಿಗೆ ಆಗುವ ತನಕ ಸಿಂಪಡಿಸುವ ಕಡೆ ಹೋಗಬೇಡಿ, ಸ್ಪ್ರೇ ಮಾಡಿ ಬಂದವರ ಬಟ್ಟೆ ನೀವು ಒಗೆಯಬೇಡಿ. ಕೀಟನಾಶಕ ಬಸುರಿಯರಿಗೆ ಬೇರೆ ಕಾರಣಗಳಿಗೆ ಒಳ್ಳೆಯದಲ್ಲ.

ಸಂಬಂಧದ ಮದುವೆ ಬಗ್ಗೆ ಮಾತ್ರ ಗಮನ ಕೊಟ್ಟು ಓದಿ. ಇಲ್ಲಿ ಊರಿನವರು ಹೇಳುವುದರಲ್ಲಿ ಅರ್ಧ ಸರಿ, ಅರ್ಧ ತಪ್ಪು. ಸೋದರಮಾವನನ್ನು ಮದುವೆ ಆದದ್ದರಿಂದ ಡೌನ್ ಸಿಂಡ್ರೋಮ್ ಬರುವುದಿಲ್ಲ. ಅದು ಅಂಡದಲ್ಲಿ ಹೊಸದಾಗಿ ಆಗುವ ತಪ್ಪು, ಮನೆತನದಲ್ಲಿ ಹರಿದು ಬರುವುದಲ್ಲ. ನೂರಕ್ಕೆ ಮೂರು ನಾಲ್ಕು ಮಕ್ಕಳಲ್ಲಿ ಮಾತ್ರ 21ನೇ ಕ್ರೋಮೋಸೋಮಿನ ತುಂಡು ಬೇರೆ ಕ್ರೋಮೋಸೋಮಿಗೆ ಅಂಟಿಕೊಂಡ ಬಗೆ ಇರುತ್ತದೆ. ಅದರಲ್ಲಿ ಕೆಲವೊಮ್ಮೆ ತಂದೆಯಿಂದಲೋ ತಾಯಿಯಿಂದಲೋ ಬಂದಿರುತ್ತದೆ. ಅಲ್ಲೂ ಸಂಬಂಧದ ಮದುವೆಯೇ ಕಾರಣ ಅಲ್ಲ.

ಆದರೆ ಸಂಬಂಧದ ಮದುವೆಯಲ್ಲಿ ಬೇರೆ ಒಂದು ಅಪಾಯ ನಿಜವಾಗಿ ಇದೆ. ಕ್ರೋಮೋಸೋಮಿನಲ್ಲಿರುವ ಒಂದೊಂದು ಸೂಚನೆಗೆ ಜೀನ್ ಅನ್ನುತ್ತಾರೆ, ಅದರ ಒಂದು ಪ್ರತಿ ತಾಯಿಯಿಂದ, ಒಂದು ತಂದೆಯಿಂದ. ಎಲ್ಲರಲ್ಲೂ ಒಂದೆರಡು ಕೆಟ್ಟ ಜೀನ್ ಅಡಗಿರುತ್ತವೆ. ಇನ್ನೊಂದು ಪ್ರತಿ ಚೆನ್ನಾಗಿರುವುದರಿಂದ ತೊಂದರೆ ಕಾಣುವುದಿಲ್ಲ. ಗಂಡ ಹೆಂಡತಿ ಒಂದೇ ಕುಟುಂಬದವರಾದರೆ ಇಬ್ಬರಲ್ಲೂ ಅದೇ ಜೀನ್ ಇರುವ ಸಾಧ್ಯತೆ ಜಾಸ್ತಿ. ಆಗ ಪ್ರತಿ ಬಸಿರಿನಲ್ಲೂ ನಾಲ್ಕಕ್ಕೆ ಒಂದರಂತೆ ಮಗುವಿಗೆ ಎರಡೂ ಕೆಟ್ಟ ಪ್ರತಿ ಸಿಗಬಹುದು. ಮೊದಲ ಮಗಳು ಚೆನ್ನಾಗಿದ್ದಾಳೆ ಅನ್ನುವುದು ಸಂತೋಷದ ವಿಷಯ, ಆದರೆ ಅದರಿಂದ ಎರಡನೆಯದಕ್ಕೆ ಖಾತ್ರಿ ಸಿಗುವುದಿಲ್ಲ.

ನಿಮ್ಮ ಪತ್ರದಲ್ಲಿ ನನಗೆ 1:180ಕ್ಕಿಂತ ಹೆಚ್ಚು ಮುಖ್ಯವಾಗಿ ಕಂಡದ್ದು ದೊಡ್ಡಮ್ಮನ ಮಗನ ವಿಷಯ. ಅವನಿಗೆ ಮಾತು ಬರುವುದಿಲ್ಲ ಅಂದಿರಿ. ಕಿವಿ ಕೇಳುತ್ತದೆಯಾ? ಹುಟ್ಟಿನಿಂದ ಕಿವಿ ಕೇಳದಿದ್ದರೆ ಮಾತೂ ಬರುವುದಿಲ್ಲ. ಹುಟ್ಟು ಕಿವುಡಿನಲ್ಲಿ ಈ ಅಡಗಿದ ಜೀನಿನ ಬಗೆಯೇ ಬಹಳ. ದೊಡ್ಡಮ್ಮನದೂ ಸಂಬಂಧದಲ್ಲೇ ಮದುವೆಯಾ? ಅವನು ನಿಮಗೆ ಅಣ್ಣನೋ ತಮ್ಮನೋ ಆಗಬೇಕು, ನಿಮ್ಮವರಿಗೆ ಅಕ್ಕನ ಮಗ. ಅಂದರೆ ಎರಡೂ ಕಡೆಯ ರಕ್ತ ಸಂಬಂಧ. ಎನ್‌ಐಪಿಟಿ ಆಗಲಿ, ಡಬಲ್ ಮಾರ್ಕರ್ ಆಗಲಿ ಇದಕ್ಕೆ ಉತ್ತರ ಕೊಡುವುದಿಲ್ಲ. ಅವೆರಡೂ ಇರುವುದು ಕ್ರೋಮೋಸೋಮಿನ ಲೆಕ್ಕ ತಪ್ಪಿರುವ ಸುಳಿವಿಗೆ, ಒಂದೊಂದು ಜೀನನ್ನು ನೋಡುವುದಿಲ್ಲ. ಅವನಿಗೆ ಕಿವಿಯ ಪರೀಕ್ಷೆ ಆಗಿಲ್ಲದಿದ್ದರೆ ಮಾಡಿಸಿ, ಆಮೇಲೆ ಜೆನೆಟಿಕ್ಸ್ ಡಾಕ್ಟರನ್ನು ನೋಡಿ. ಅವನಲ್ಲಿ ಕಾರಣವಾದ ಜೀನ್ ಸಿಕ್ಕಿದರೆ ಮಾತ್ರ ನಿಮ್ಮ ಬಸಿರಿನಲ್ಲಿ ಅದನ್ನು ಹುಡುಕಲು ಸಾಧ್ಯ. ಅದು ಆಗಲಿ ಬಿಡಲಿ, ನಿಮ್ಮ ಮಗು ಹುಟ್ಟಿದ ಕೂಡಲೇ ಕಿವಿಯ ಸ್ಕ್ರೀನಿಂಗ್ ತಪ್ಪದೆ ಮಾಡಿಸಿ. ಕಿವುಡು ಬೇಗ ಗೊತ್ತಾದರೆ ಮಗುವಿಗೆ ಮಾತು ಕಲಿಸಬಹುದು.

ಈಗ ರಕ್ತದ ಟೆಸ್ಟಿಗೆ ಬರೋಣ.

ಬಸುರಿಯ ರಕ್ತದಲ್ಲೇ ಮಗುವಿನ ಬಗ್ಗೆ ತಿಳಿಯಬೇಕು ಅನ್ನುವ ಆಸೆ ಹಳೆಯದು. ತಾಯಿಯ ರಕ್ತದಲ್ಲಿ ತೇಲುವ ಮಗುವಿನ ಜೀವಕೋಶ ಹಿಡಿಯಲು ಬಹಳ ಪ್ರಯತ್ನಪಟ್ಟರು. ಅವು ಸಿಗುವುದೇ ಕಷ್ಟ. ಸಿಕ್ಕಿದರೂ ಹಿಂದಿನ ಬಸಿರಿನದ್ದಿರಬಹುದು, ಏಕೆಂದರೆ ಅವು ತಾಯಿಯ ಮೈಯಲ್ಲಿ ವರ್ಷಗಟ್ಟಲೆ ಉಳಿಯುತ್ತವೆ. 1997ರಲ್ಲಿ ಡೆನಿಸ್ ಲೋ ಮತ್ತು ಅವರ ಜೊತೆಯವರು ಬೇರೆ ಕಡೆ ನೋಡಿದರು. ಕೋಶಗಳನ್ನು ಬಿಟ್ಟು ರಕ್ತದ ನೀರಿನ ಭಾಗದಲ್ಲಿ, ಅಂದರೆ ಪ್ಲಾಸ್ಮಾದಲ್ಲಿ, ಮಗುವಿನ ಡಿಎನ್‌ಎ ಚೂರುಗಳು ತೇಲುತ್ತಿರುವುದನ್ನು ತೋರಿಸಿದರು. 2011ರಿಂದ ಇದು ಆಸ್ಪತ್ರೆಗಳಲ್ಲಿ ಬಳಕೆಗೆ ಬಂತು. ಈ ಚೂರುಗಳು ಹೆರಿಗೆ ಆದ ಮೇಲೆ ಬೇಗ ಕರಗಿ ಹೋಗುತ್ತವೆ. ಹಾಗಾಗಿ ನಿಮ್ಮ ಮಗಳದ್ದು ಈಗಿನ ಮಗುವಿನದ್ದರ ಜೊತೆ ಬೆರೆಯುವ ಪ್ರಶ್ನೆ ಇಲ್ಲ.

10 ವಾರ ದಾಟಿದ ಮೇಲೆ ನಿಮ್ಮ ಕೈಯಿಂದ ಒಂದು ಟ್ಯೂಬ್ ರಕ್ತ ತೆಗೆಯುತ್ತಾರೆ. ಮಾಮೂಲಿ ಟ್ಯೂಬ್ ಅಲ್ಲ. ನಿಮ್ಮದೇ ಬಿಳಿ ರಕ್ತಕಣಗಳು ಒಡೆದು ಅವುಗಳ ಡಿಎನ್‌ಎ ಬೆರೆಯದ ಹಾಗೆ ತಡೆಯುವ ದ್ರವ ಅದರಲ್ಲಿರುತ್ತದೆ. ಅದಕ್ಕೇ ಹಾಸನದಲ್ಲೋ ಸಕಲೇಶಪುರದಲ್ಲೋ ತೆಗೆದ ರಕ್ತವನ್ನು ದೂರದ ಲ್ಯಾಬಿಗೆ ಕೊರಿಯರ್ ಮಾಡಿದರೂ ಕೆಡುವುದಿಲ್ಲ. ಪ್ಲಾಸ್ಮಾದಲ್ಲಿರುವ ಚೂರುಗಳಲ್ಲಿ ಸುಮಾರು ಹತ್ತರಲ್ಲಿ ಒಂಬತ್ತು ಪಾಲು ನಿಮ್ಮದು, ಒಂದು ಪಾಲು ಮಗುವಿನ ಕಡೆಯದು. ಲ್ಯಾಬಿನವರು ಬಹಳಷ್ಟು ಕಡೆ ಇವೆರಡನ್ನೂ ಬೇರ್ಪಡಿಸುವುದಿಲ್ಲ. ಲಕ್ಷಾಂತರ ಚೂರುಗಳನ್ನು ಓದಿ, ಯಾವುದು ಯಾವ ಕ್ರೋಮೋಸೋಮಿನದ್ದು ಅಂತ ಎಣಿಸುತ್ತಾರೆ. ಮಗುವಿಗೆ 21ನೇ ಕ್ರೋಮೋಸೋಮ್ ಮೂರಿದ್ದರೆ, ಆ ಕ್ರೋಮೋಸೋಮಿನ ಚೂರುಗಳು 100 ಇರಬೇಕಾದ ಕಡೆ 105 ಸಿಗುತ್ತವೆ. ಇಡೀ ಟೆಸ್ಟ್ ನಿಂತಿರುವುದು ಆ ಐದರ ಮೇಲೆ. ಮಗುವಿನ ಪಾಲು ಹತ್ತರ ಬದಲು ನೂರಕ್ಕೆ ನಾಲ್ಕೇ ಇದ್ದರೆ 105ರ ಬದಲು 102 ಸಿಗುತ್ತದೆ. ಅದಕ್ಕಿಂತ ಕಡಿಮೆ ಆದರೆ ಎಷ್ಟೋ ಲ್ಯಾಬುಗಳು ಫಲಿತಾಂಶ ಕೊಡದೆ ಇನ್ನೊಮ್ಮೆ ರಕ್ತ ಕೇಳುತ್ತವೆ. ತಾಯಿಯ ತೂಕ ಜಾಸ್ತಿ ಇದ್ದರೆ, ತೀರಾ ಬೇಗ ರಕ್ತ ತೆಗೆದಿದ್ದರೆ, ರಕ್ತ ಹೆಪ್ಪುಗಟ್ಟದಿರಲು ಕೊಡುವ ಹೆಪಾರಿನ್ ಇಂಜೆಕ್ಷನ್ ತಗೊಳ್ಳುತ್ತಿದ್ದರೆ ಹೀಗಾಗಬಹುದು. ಎರಡನೇ ಸಲವೂ ಉತ್ತರ ಬರದಿದ್ದರೆ ಸುಮ್ಮನೆ ಬಿಡಬೇಡಿ. ಉತ್ತರ ಬಾರದವರಲ್ಲಿ ಕ್ರೋಮೋಸೋಮ್ ತೊಂದರೆ ಸ್ವಲ್ಪ ಹೆಚ್ಚೇ ಇರುತ್ತದೆ.

‘ಮಗುವಿನ ಕಡೆಯದು’ ಅಂತ ಬೇಕೆಂದೇ ಬರೆದಿದ್ದೇನೆ. ಆ ಚೂರುಗಳು ಬರುವುದು ಮಾಸಿನಿಂದ. ಮಾಸು ಮತ್ತು ಮಗು ಹುಟ್ಟಿದ್ದು ಒಂದೇ ಮೊಟ್ಟಮೊದಲ ಕೋಶದಿಂದ, ಹಾಗಾಗಿ ಸಾಮಾನ್ಯವಾಗಿ ಎರಡರ ಕ್ರೋಮೋಸೋಮೂ ಒಂದೇ ಥರ. ಆದರೆ ಕೆಲವೊಮ್ಮೆ ಮಾಸಿನಲ್ಲಿ ಮಾತ್ರ ತಪ್ಪಿದ್ದು ಮಗು ಪೂರ್ತಿ ಸರಿ ಇರುತ್ತದೆ. ಅವಳಿ ಮಗುವೊಂದು ಶುರುವಿನಲ್ಲೇ ಕರಗಿ ಹೋಗಿದ್ದರೆ, ತಾಯಿಯ ಮೈಯಲ್ಲೇ ಗೊತ್ತಿಲ್ಲದ ಕ್ರೋಮೋಸೋಮ್ ವ್ಯತ್ಯಾಸ ಇದ್ದರೆ, ಅಪರೂಪಕ್ಕೆ ತಾಯಿಗೆ ಗೊತ್ತಿಲ್ಲದ ಕ್ಯಾನ್ಸರ್ ಇದ್ದರೂ ಟೆಸ್ಟ್ ದಾರಿ ತಪ್ಪುತ್ತದೆ. ಇದಕ್ಕೇ ಎನ್‌ಐಪಿಟಿ ಎಷ್ಟೇ ಚೆನ್ನಾಗಿದ್ದರೂ ಸ್ಕ್ರೀನಿಂಗ್ ಟೆಸ್ಟೇ. ಕೊನೆಯ ಮಾತಲ್ಲ.

ನಂಬಬಹುದಾ ಅಂತ ಕೇಳಿದಿರಿ. ನಿಮ್ಮದೇ ಅಂಕಿ ಇಟ್ಟುಕೊಂಡು ಲೆಕ್ಕ ಮಾಡೋಣ. ಈಗ ಅಂಥ ನೂರು ಮಂಟಪ, ಒಟ್ಟು 18,000 ತಾಯಂದಿರು. ಅವರಲ್ಲಿ 100 ಜನರ ಮಗುವಿಗೆ ಡೌನ್ ಸಿಂಡ್ರೋಮ್ ಇದೆ. ಎನ್‌ಐಪಿಟಿ ಸುಮಾರು 99ನ್ನು ಹಿಡಿಯುತ್ತದೆ, ಒಂದು ತಪ್ಪಿಹೋಗುತ್ತದೆ. ಮಗು ಸರಿ ಇರುವವರಲ್ಲಿ ಸಾವಿರಕ್ಕೆ ಒಬ್ಬರಂತೆ ಸುಮಾರು 18 ಜನರಿಗೆ ಸುಮ್ನೆ ‘ಪಾಸಿಟಿವ್’ ಅಂತ ಬರುತ್ತದೆ. ಅಂದರೆ ನಿಮಗೆ ‘ನೆಗೆಟಿವ್’ ಬಂದರೆ ಉಳಿಯುವ ರಿಸ್ಕ್ ಸುಮಾರು 18 ಸಾವಿರಕ್ಕೆ ಒಂದು. ನೆಮ್ಮದಿಯಾಗಿ ಮಲಗಬಹುದು. ‘ಪಾಸಿಟಿವ್’ ಬಂದರೆ ನಿಜ ಇರುವ ಸಾಧ್ಯತೆ ನೂರಕ್ಕೆ 85ರ ಹತ್ತಿರ. ಉಳಿದ 15 ಜನರ ಮಗು ಸರಿ ಇದೆ. ಈ 15 ಜನರಿಗೋಸ್ಕರವೇ ಸೂಜಿಯ ಟೆಸ್ಟ್ ಮಾಡದೆ ಯಾವ ತೀರ್ಮಾನಕ್ಕೂ ಬರಬಾರದು ಅನ್ನುವುದು.

ಇದೇ ಟೆಸ್ಟನ್ನು ಸಾವಿರಕ್ಕೆ ಒಂದು ರಿಸ್ಕ್ ಇರುವ 22 ವರ್ಷದ ಹುಡುಗಿಯರಿಗೆ ಮಾಡಿದರೆ 18,000ದಲ್ಲಿ 18 ನಿಜ, 18 ಸುಳ್ಳು. ಪಾಸಿಟಿವ್ ಬಂದವರಲ್ಲಿ ಅರ್ಧ ಜನರ ಮಗು ಸರಿ ಇರುತ್ತದೆ. ಟೆಸ್ಟ್ ಅದೇ, ಲ್ಯಾಬ್ ಅದೇ, ‘ಪಾಸಿಟಿವ್’ ಎನ್ನುವುದಕ್ಕೆ ಇರುವ ತೂಕ ಬೇರೆ. ‘99 ಪರ್ಸೆಂಟ್ ಸರಿ’ ಅಂತ ಪ್ಯಾಂಫ್ಲೆಟ್‌ನಲ್ಲಿ ಬರೆದಿರುವುದು ಹಿಡಿಯುವ ಶಕ್ತಿಯ ಬಗ್ಗೆ. ನಿಮಗೆ ಬಂದ ಪಾಸಿಟಿವ್ 99 ಪರ್ಸೆಂಟ್ ನಿಜ ಅಂತ ಅದರ ಅರ್ಥ ಅಲ್ಲ. ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ 2022ರ ಏಪ್ರಿಲ್‌ನಲ್ಲಿ ಇದೇ ವಿಷಯಕ್ಕೆ ಎಚ್ಚರಿಕೆ ಕೊಟ್ಟಿತು. ಖಚಿತ ಮಾಡಿಕೊಳ್ಳದೆ, ಈ ಒಂದು ರಿಪೋರ್ಟ್ ನೋಡಿ ಗರ್ಭ ತೆಗೆಸಿದ ಪ್ರಕರಣಗಳ ವರದಿ ಬಂದಿತ್ತು.

ಇನ್ನೊಂದು ಮಾತು. ‘ಇನ್ನಷ್ಟು ದುಡ್ಡು ಕೊಟ್ಟರೆ ದೊಡ್ಡ ಪ್ಯಾನೆಲ್ ಮಾಡ್ತೀವಿ, ಇನ್ನೂ ಹತ್ತಾರು ಕಾಯಿಲೆ ನೋಡ್ತೀವಿ’ ಅಂತ ಹೇಳಬಹುದು. ಕ್ರೋಮೋಸೋಮಿನ ಸಣ್ಣ ತುಂಡು ಕಾಣೆಯಾಗುವ ಆ ಕಾಯಿಲೆಗಳು ಬಹಳ ಅಪರೂಪ. ಅಪರೂಪ ಆದಷ್ಟೂ ಸುಳ್ಳು ಪಾಸಿಟಿವ್ ಪಾಲು ಜಾಸ್ತಿ, ಇದು ಮೇಲಿನ ಲೆಕ್ಕದಲ್ಲೇ ಇದೆ. ನಿಮಗೆ 21, 18, 13 ನೋಡುವ ಮೂಲ ಟೆಸ್ಟ್ ಸಾಕು ಅನ್ನುವುದು ನನ್ನ ಅಭಿಪ್ರಾಯ. ಅದಕ್ಕೇ ಲ್ಯಾಬ್ ನೋಡಿಕೊಂಡು ಸಾವಿರಾರು ರೂಪಾಯಿ ಖರ್ಚಾಗುತ್ತದೆ. ಮೊದಲ ಸಲ ಉತ್ತರ ಬರದಿದ್ದರೆ ಎರಡನೇ ಸಲ ಬಿಟ್ಟಿ ಮಾಡುತ್ತಾರಾ ಅಂತ ರಕ್ತ ಕೊಡುವ ಮೊದಲೇ ಕೇಳಿ.

ಗಂಡೋ ಹೆಣ್ಣೋ ಅನ್ನುವ ಪ್ರಶ್ನೆ. ತಾಂತ್ರಿಕವಾಗಿ ಆ ರಕ್ತದಲ್ಲಿ ಗೊತ್ತಾಗುತ್ತದೆ. ನಮ್ಮ ದೇಶದಲ್ಲಿ ಅದನ್ನು ಹೇಳುವುದು, ಕೇಳುವುದು ಎರಡೂ 1994ರ ಪಿಸಿಪಿಎನ್‌ಡಿಟಿ (ಭ್ರೂಣಲಿಂಗ ಪತ್ತೆ ತಡೆಯುವ) ಕಾನೂನಿನ ಪ್ರಕಾರ ಅಪರಾಧ. ರಿಪೋರ್ಟಿನಲ್ಲಿ ಅದನ್ನು ಬರೆಯುವುದಿಲ್ಲ. ಆದರೆ ಕ್ರೋಮೋಸೋಮ್ ತೊಂದರೆ ಪತ್ತೆಗೆ ಟೆಸ್ಟ್ ಮಾಡಿಸುವುದು ಅಪರಾಧ ಅಲ್ಲ, ಅದಕ್ಕೆ ಕಾನೂನೇ ಜಾಗ ಕೊಟ್ಟಿದೆ. ತಾಯಿಗೆ 35 ವರ್ಷ ದಾಟಿರುವುದು ಅಲ್ಲಿ ಹೇಳಿರುವ ಕಾರಣಗಳಲ್ಲೇ ಒಂದು. ನೋಂದಣಿ ಇರುವ ಕಡೆ ಮಾಡಿಸಿ, ಫಾರ್ಮಿಗೆ ಸಹಿ ಹಾಕಿ, ಅಷ್ಟೇ. ಭಯ ಬೇಡ.

ಇನ್ನು ನಿಮ್ಮ ಅಜ್ಜಿಯ ಭಯ. ಅದು ಸುಳ್ಳು ಭಯ ಅಲ್ಲ, ಹಳೆಯ ಭಯ. ಸ್ಕ್ಯಾನ್ ನೋಡದೆ ಅಂದಾಜಿನಲ್ಲಿ ಸೂಜಿ ಹಾಕುತ್ತಿದ್ದ ಕಾಲವೂ ಇತ್ತು. ಈಗ ನುರಿತವರು ಮಾಡಿದರೆ ಈ ಟೆಸ್ಟಿನಿಂದ ಗರ್ಭ ಹೋಗುವ ಸಾಧ್ಯತೆ 200ಕ್ಕೆ ಒಂದಕ್ಕಿಂತ ಕಡಿಮೆ. ಎಷ್ಟೋ ಅಧ್ಯಯನಗಳಲ್ಲಿ ಅದಕ್ಕಿಂತಲೂ ಬಹಳ ಕಡಿಮೆ ಕಂಡಿದೆ. ಸೊನ್ನೆ ಅಲ್ಲ, ಅದನ್ನು ಮುಚ್ಚಿಡುವುದಿಲ್ಲ.

ಈ ಸೂಜಿಯ ಟೆಸ್ಟಿಗೆ ಅಮ್ನಿಯೋಸೆಂಟೆಸಿಸ್, ಚುಟುಕಾಗಿ ಅಮ್ನಿಯೋ ಅನ್ನುತ್ತಾರೆ. ಅದನ್ನು ಮಾಡುವುದು 15 ವಾರ ತುಂಬಿದ ಮೇಲೆ. ನೀವು ಮಂಚದ ಮೇಲೆ ಮಲಗಿರುತ್ತೀರಿ, ಹೊಟ್ಟೆಗೆ ಔಷಧಿ ಹಚ್ಚಿ ಒರೆಸುತ್ತಾರೆ. ಒಂದು ಕೈಯಲ್ಲಿ ಸ್ಕ್ಯಾನಿಂಗ್ ಪ್ರೋಬ್, ಇನ್ನೊಂದು ಕೈಯಲ್ಲಿ ಉದ್ದನೆಯ ತೆಳ್ಳಗಿನ ಸೂಜಿ. ಸೂಜಿಯ ತುದಿ ಸ್ಕ್ರೀನಿನಲ್ಲಿ ಬಿಳಿ ಚುಕ್ಕೆಯಾಗಿ ಕಾಣುತ್ತಲೇ ಇರುತ್ತದೆ. ಮಗು ಇರುವ ಕಡೆ ಬಿಟ್ಟು ನೀರು ಇರುವ ಕಡೆ ಇಳಿಸುತ್ತಾರೆ. ಮಗುವಿಗೆ ಸೂಜಿ ತಾಗಿಸುವುದಿಲ್ಲ. 15ರಿಂದ 20 ಎಂಎಲ್ ತಿಳಿ ಹಳದಿ ನೀರು ಬರುತ್ತದೆ. ಸೂಜಿ ಒಳಗಿರುವುದು ಒಂದೆರಡು ನಿಮಿಷ. ನೋವು ರಕ್ತ ತೆಗೆಯುವಾಗ ಆಗುವಷ್ಟೇ, ಜೊತೆಗೆ ಕೆಳಹೊಟ್ಟೆ ಹಿಡಿದ ಹಾಗೆ ಆಗಬಹುದು. ತೆಗೆದ ನೀರು ಮತ್ತೆ ತುಂಬಿಕೊಳ್ಳುತ್ತದೆ. ನಿಮ್ಮ ರಕ್ತದ ಗುಂಪು ನೆಗೆಟಿವ್ ಆಗಿದ್ದರೆ ಆಂಟಿ-ಡಿ ಇಂಜೆಕ್ಷನ್ ಬೇಕು, ಅದನ್ನು ಮೊದಲೇ ಹೇಳಿ. ಒಂದೆರಡು ದಿನ ಭಾರ ಎತ್ತಬೇಡಿ. ನೀರು ಸೋರಿದರೆ, ರಕ್ತ ಕಂಡರೆ, ಜ್ವರ ಬಂದರೆ ಬೆಳಗಾಗಲಿ ಅಂತ ಕಾಯದೆ ಆಸ್ಪತ್ರೆಗೆ ಹೋಗಿ.

ಆ ನೀರಿನಲ್ಲಿ ಮಗುವಿನದೇ ಕೋಶಗಳಿರುತ್ತವೆ. ಕ್ಯೂಎಫ್-ಪಿಸಿಆರ್ ಅಥವಾ ಫಿಶ್ ಟೆಸ್ಟಿನಲ್ಲಿ ಮುಖ್ಯ ಕ್ರೋಮೋಸೋಮ್‌ಗಳ ಉತ್ತರ ಕೆಲವೇ ದಿನದಲ್ಲಿ, ಪೂರ್ತಿ ಕ್ಯಾರಿಯೋಟೈಪ್ (ಎಲ್ಲ ಕ್ರೋಮೋಸೋಮುಗಳ ಪರೀಕ್ಷೆ) ಎರಡು ಮೂರು ವಾರದಲ್ಲಿ ಬರುತ್ತದೆ. ಮಾಸಿನ ಚೂರು ತೆಗೆಯುವ ಸಿವಿಎಸ್ ಅನ್ನುವುದೂ ಒಂದಿದೆ, ಅದು 11ರಿಂದ 14 ವಾರದೊಳಗೆ. ನಿಮಗೆ ಆ ಸಮಯ ದಾಟುತ್ತಿದೆ, ಅದರ ಹಿಂದೆ ಓಡಬೇಡಿ.

ಹಾಗಾದರೆ ನೀವು ಯಾವುದನ್ನು ಮಾಡಿಸಬೇಕು? ನಿಮ್ಮ ಎನ್‌ಟಿ ಚೆನ್ನಾಗಿದೆ, ಸ್ಕ್ಯಾನಿನಲ್ಲಿ ಏನೂ ಕಂಡಿಲ್ಲ, ಅಂಕಿ 1:180. ನಿಮ್ಮ ಜಾಗದಲ್ಲಿರುವವರಿಗೆ ನಾನು ಮೊದಲು ಎನ್‌ಐಪಿಟಿ ಹೇಳುತ್ತೇನೆ. ಇಂಥವರಲ್ಲಿ ಬಹುತೇಕ ಎಲ್ಲರಿಗೂ ಅಲ್ಲಿಗೇ ಮುಗಿಯುತ್ತದೆ, ಸೂಜಿಯ ಮಾತೇ ಬರುವುದಿಲ್ಲ. ಎನ್‌ಟಿ 3.5 ಮಿಲಿಮೀಟರ್ ಅಥವಾ ಅದಕ್ಕಿಂತ ಜಾಸ್ತಿ ಇದ್ದಿದ್ದರೆ, ಅಥವಾ ಸ್ಕ್ಯಾನಿನಲ್ಲಿ ಮಗುವಿನ ಅಂಗದಲ್ಲಿ ತೊಂದರೆ ಕಂಡಿದ್ದರೆ ನೇರ ಸೂಜಿಯ ಟೆಸ್ಟಿಗೇ ಕಳಿಸುತ್ತಿದ್ದೆ. ಆಗ ಎನ್‌ಐಪಿಟಿ ನೋಡದ ತೊಂದರೆಗಳೂ ಇರಬಹುದು, ಸುಮ್ನೆ ಸಮಯ ಹೋಗುತ್ತದೆ. ಕೆಲವರಿಗೆ ‘ಬಹುತೇಕ’ ಅನ್ನುವ ಉತ್ತರ ಸಾಕಾಗುವುದಿಲ್ಲ, ಖಚಿತವೇ ಬೇಕು. ಅವರು ಮೊದಲೇ ಅಮ್ನಿಯೋ ಮಾಡಿಸಿದರೂ ತಪ್ಪಿಲ್ಲ. ಏನು ಬಂದರೂ ಮಗು ನಮ್ಮದೇ, ಯಾವ ಟೆಸ್ಟೂ ಬೇಡ ಅನ್ನುವವರೂ ಇದ್ದಾರೆ. ಅದೂ ಸರಿಯಾದ ತೀರ್ಮಾನವೇ, ನಿಮ್ಮನ್ನು ಯಾರೂ ಬಲವಂತ ಮಾಡುವ ಹಾಗಿಲ್ಲ. ಸೂಜಿಯ ಟೆಸ್ಟಿಗೆ ನಿಮಗೆ ಅರ್ಥವಾಗುವ ಭಾಷೆಯಲ್ಲಿ ಬರೆದ ಒಪ್ಪಿಗೆ ಬೇಕು, ಅದರ ಒಂದು ಪ್ರತಿ ನಿಮ್ಮ ಕೈಗೆ ಕೊಡಬೇಕು ಅಂತ ಕಾನೂನಿದೆ. ಕೇಳಿ ಪಡೆಯಿರಿ.

ದಿನದ ಲೆಕ್ಕ ಮುಖ್ಯ. ಈ ವಾರ ರಕ್ತ ಕೊಟ್ಟರೆ ಉತ್ತರಕ್ಕೆ ಸುಮಾರು ಒಂದು ವಾರದಿಂದ ಹತ್ತು ದಿನ, ಅಂದರೆ ನಿಮಗೆ ಆಗ 15 ವಾರದ ಆಸುಪಾಸು. ಪಾಸಿಟಿವ್ ಬಂದರೆ 16ನೇ ವಾರದಲ್ಲಿ ಅಮ್ನಿಯೋ. ಅದನ್ನು ಆಗಾಗ ಮಾಡಿ ಕೈ ಪಳಗಿದ ಫೀಟಲ್ ಮೆಡಿಸಿನ್ (ಹೊಟ್ಟೆಯಲ್ಲಿರುವ ಮಗುವಿನ ಚಿಕಿತ್ಸೆಯ) ತಜ್ಞರ ಹತ್ತಿರವೇ ಮಾಡಿಸಿ. ಬೆಂಗಳೂರು, ಮೈಸೂರು, ಮಂಗಳೂರಿನಲ್ಲಿ ಇದ್ದಾರೆ. ಮಳೆಗಾಲ ಆದರೆ ಶಿರಾಡಿ ಘಾಟಿ ನಂಬಿಕೊಂಡು ಮಂಗಳೂರಿಗೆ ದಿನ ಗೊತ್ತು ಮಾಡಬೇಡಿ. ಮಣ್ಣು ಕುಸಿದು ರಸ್ತೆ ಬಂದ್ ಆದರೆ ಒಂದು ವಾರ ಕೈ ಬಿಟ್ಟು ಹೋಗುತ್ತದೆ.

ಅಮ್ನಿಯೋದಲ್ಲೂ ಡೌನ್ ಸಿಂಡ್ರೋಮ್ ಅಂತಲೇ ಬಂದರೆ ಏನು ಅನ್ನುವುದನ್ನು ಟೆಸ್ಟಿಗೆ ಮೊದಲೇ ಗಂಡ ಹೆಂಡತಿ ಕೂತು ಮಾತಾಡಿ. ಎರಡು ದಾರಿ ಇವೆ. ಬಸಿರು ಮುಂದುವರಿಸುವುದು ಒಂದು. ಈ ಮಕ್ಕಳು ಕೂರುವುದು, ನಡೆಯುವುದು, ಮಾತಾಡುವುದು ತಡ. ಕಲಿಕೆ ನಿಧಾನ, ಎಷ್ಟು ನಿಧಾನ ಅನ್ನುವುದು ಮಗುವಿನಿಂದ ಮಗುವಿಗೆ ಬಹಳ ವ್ಯತ್ಯಾಸ. ಅದನ್ನು ಯಾವ ಟೆಸ್ಟೂ ಮೊದಲೇ ಹೇಳುವುದಿಲ್ಲ. ಸುಮಾರು ಅರ್ಧದಷ್ಟು ಮಕ್ಕಳಿಗೆ ಹೃದಯದ ತೊಂದರೆ ಇರುತ್ತದೆ, ಬಹಳಷ್ಟು ಆಪರೇಷನ್ನಿನಿಂದ ಸರಿಯಾಗುತ್ತದೆ. ಥೈರಾಯ್ಡ್, ಕಿವಿ, ಕಣ್ಣು ನೋಡುತ್ತಿರಬೇಕು. ಒಳ್ಳೆಯ ವೈದ್ಯಕೀಯ ಸೌಲಭ್ಯ ಇರುವ ದೇಶಗಳಲ್ಲಿ ಅವರು ಈಗ 60 ವರ್ಷದ ತನಕ ಬದುಕುತ್ತಾರೆ. ಶಾಲೆಗೆ ಹೋಗುವ, ಮನೆಗೆಲಸ ಕಲಿಯುವ, ಎಲ್ಲರನ್ನೂ ಹೆಸರು ಹಿಡಿದು ಕರೆಯುವ ಮಕ್ಕಳನ್ನು ನಾನು ನೋಡುತ್ತಿದ್ದೇನೆ. ಅವರಿಗಾಗಿ ದಿನವಿಡೀ ದುಡಿದು ಸುಸ್ತಾದ ತಾಯಂದಿರನ್ನೂ ನೋಡುತ್ತಿದ್ದೇನೆ. ಎರಡೂ ನಿಜ. ಸರ್ಕಾರದ ಆರ್‌ಬಿಎಸ್‌ಕೆ ಅನ್ನುವ ಮಕ್ಕಳ ಆರೋಗ್ಯ ಕಾರ್ಯಕ್ರಮದಲ್ಲಿ ಇಂಥ ಮಕ್ಕಳಿಗೆ ಜಿಲ್ಲಾ ಮಟ್ಟದಲ್ಲಿ ಥೆರಪಿ, ತಪಾಸಣೆ ಬಿಟ್ಟಿ ಸಿಗುತ್ತದೆ. ನಿಮ್ಮ ಆಶಾ ಕಾರ್ಯಕರ್ತೆಯನ್ನು ಕೇಳಿದರೆ ದಾರಿ ತೋರಿಸುತ್ತಾರೆ.

ಬಸಿರು ಮುಂದುವರಿಸದಿರುವುದು ಇನ್ನೊಂದು ದಾರಿ. 2021ರಲ್ಲಿ ತಿದ್ದಿದ ಗರ್ಭಪಾತದ ಕಾನೂನಿನ ಪ್ರಕಾರ 20 ವಾರದ ತನಕ ಒಬ್ಬ ಡಾಕ್ಟರ ಅಭಿಪ್ರಾಯ ಸಾಕು. 20ರಿಂದ 24 ವಾರದವರೆಗೆ, ನಿಯಮದಲ್ಲಿ ಹೇಳಿರುವ ಕಾರಣಗಳಿಗೆ, ಇಬ್ಬರದು ಬೇಕು. 24 ದಾಟಿದರೆ ಮಗುವಿನಲ್ಲಿ ಗಂಭೀರ ತೊಂದರೆ ಇದೆ ಅಂತ ಮೆಡಿಕಲ್ ಬೋರ್ಡ್ ಒಪ್ಪಬೇಕು. ಸಹಿ ನಿಮ್ಮದು ಮಾತ್ರ ಸಾಕು. ಗಂಡನದ್ದಾಗಲಿ ಅತ್ತೆಯದ್ದಾಗಲಿ ಕಾನೂನು ಕೇಳುವುದಿಲ್ಲ. ವಾರ ಹೆಚ್ಚಾದಷ್ಟೂ ಮೈಗೂ ಮನಸ್ಸಿಗೂ ಕಷ್ಟ, ಅದಕ್ಕೇ ದಿನದ ಲೆಕ್ಕ ಹೇಳಿದ್ದು. ಇವೆರಡರಲ್ಲಿ ಯಾವುದು ಸರಿ ಅಂತ ನಾನು ಹೇಳುವುದಿಲ್ಲ. ಯಾವುದನ್ನು ಆರಿಸಿಕೊಂಡರೂ ನಿಮ್ಮ ಡಾಕ್ಟರು ಅದೇ ಗೌರವದಿಂದ ನೋಡಿಕೊಳ್ಳಬೇಕು.

ಎನ್‌ಐಪಿಟಿ ನೆಗೆಟಿವ್ ಬಂತು ಅಂತ 18ರಿಂದ 20 ವಾರದ ಅನಾಮಲಿ ಸ್ಕ್ಯಾನ್ (ಮಗುವಿನ ಅಂಗಗಳನ್ನು ನೋಡುವ ಸ್ಕ್ಯಾನ್) ಬಿಡಬೇಡಿ. ಹೃದಯದ ರಂಧ್ರ, ಬೆನ್ನುಹುರಿಯ ತೊಂದರೆ, ಕಿಡ್ನಿ, ಸೀಳುತುಟಿ ಇವು ಯಾವುವೂ ಈ ರಕ್ತದ ಟೆಸ್ಟಿನಲ್ಲಿ ಕಾಣುವುದಿಲ್ಲ. ಸಂಬಂಧದ ಮದುವೆ ಆಗಿರುವುದರಿಂದ ನಿಮಗೆ ಈ ಸ್ಕ್ಯಾನ್ ಇನ್ನೂ ಮುಖ್ಯ. ಡಬಲ್ ಮಾರ್ಕರ್‌ನಲ್ಲಿ ‘ಪ್ಯಾಪ್-ಎ’ ಅನ್ನುವ ಅಂಕಿ ತೀರಾ ಕಡಿಮೆ ಇದ್ದರೆ, ಕ್ರೋಮೋಸೋಮ್ ಸರಿ ಇದ್ದರೂ ಮಾಸು ಚೆನ್ನಾಗಿ ಕೆಲಸ ಮಾಡುತ್ತಿಲ್ಲ ಅಂತ ಇರಬಹುದು. ಆಗ ಮಗುವಿನ ಬೆಳವಣಿಗೆ, ನಿಮ್ಮ ಬಿಪಿ ಎರಡನ್ನೂ ಕೊನೆಯ ತಿಂಗಳುಗಳಲ್ಲಿ ಹೆಚ್ಚು ಗಮನಿಸಬೇಕು. ಡಾಕ್ಟರಿಗೆ ಆ ಸಾಲನ್ನು ತೋರಿಸಿ ಕೇಳಿ.

ಮುಂದಿನ ಭೇಟಿಗೆ ಎನ್‌ಟಿ ಸ್ಕ್ಯಾನಿನ ಪೂರ್ತಿ ರಿಪೋರ್ಟ್, ಡಬಲ್ ಮಾರ್ಕರ್‌ನ ಎಲ್ಲ ಹಾಳೆಗಳು, ತಾಯಿ ಕಾರ್ಡ್, ರಕ್ತದ ಗುಂಪಿನ ಚೀಟಿ ತಗೊಂಡು ಹೋಗಿ. ದೊಡ್ಡಮ್ಮನ ಮಗನ ಹಳೆಯ ಕಾಗದ ಏನಾದರೂ ಇದ್ದರೆ ಅದನ್ನೂ ಇಟ್ಟುಕೊಳ್ಳಿ. ಸಾಧ್ಯ ಆದರೆ ಅಜ್ಜಿಯನ್ನೂ ಕರೆದುಕೊಂಡು ಹೋಗಿ. ಅವರ ಪ್ರಶ್ನೆಗಳನ್ನು ಅವರೇ ಡಾಕ್ಟರ ಎದುರು ಕೇಳಲಿ. ಮನೆತನದಲ್ಲಿ ಯಾರಿಗೆ ಏನಾಗಿತ್ತು, ಯಾವ ಮಗು ಉಳಿಯಲಿಲ್ಲ ಅನ್ನುವುದು ನಿಮ್ಮಿಬ್ಬರಿಗಿಂತ ಅವರಿಗೇ ಚೆನ್ನಾಗಿ ಗೊತ್ತಿರುತ್ತದೆ, ಜೆನೆಟಿಕ್ಸ್ ಡಾಕ್ಟರಿಗೆ ಬೇಕಾದದ್ದೂ ಅದೇ.